ಪದಚರ್ಚೆ: ‘ಟೈಮ್ ಟ್ರಾವೆಲ್’ ಪ್ರೇಮಕತೆಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಒಂದು ಕಿರುಕಾದಂಬರಿಯ ಅನುವಾದ ಮುಗಿಸಿದ್ದೇನೆ. ಈಗಿನ ಕಾಲದ ಹುಡುಗಿಯೊಬ್ಬಳು ಬೇಲೂರಿನ ಗುಡಿಗೆ ಹೋಗುತ್ತಾಳೆ. ಕಣ್ಣು ಬಿಟ್ಟರೆ 1117, ಚೆನ್ನಕೇಶವನ ಪ್ರತಿಷ್ಠೆಯ ವರ್ಷ. ಅಲ್ಲಿನ ಒಬ್ಬ ಶಿಲ್ಪಿಯ ಮೇಲೆ ಅವಳಿಗೆ ಮನಸ್ಸಾಗುತ್ತದೆ.

ನಾಳೆ ಬೆಳಿಗ್ಗೆ ಮುಖಪುಟ ಅಚ್ಚಿಗೆ ಹೋಗಬೇಕು. ಹೆಸರಿನ ಕೆಳಗೆ ಒಂದು ಸಾಲು ಬೇಕಾಗಿದೆ. ‘ಕಾಲಯಾನದ ಪ್ರೇಮಕಥೆ’ ಅಂತ ಬರೆದಿದ್ದೇನೆ. ಓದಿದರೆ ವಿಜ್ಞಾನದ ಪಾಠದ ಹಾಗಿದೆ. ಇನ್ನೊಂದು ಪ್ರಶ್ನೆ. ಕೊನೆಯ ಅಧ್ಯಾಯದಲ್ಲಿ ಶಿಲ್ಪಿ ಅವಳಿಗೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅನ್ನುತ್ತಾನೆ. ಅವನ ಬಾಯಲ್ಲಿ ಅದು ಕೂರುತ್ತಿಲ್ಲ. ಏನು ಅನ್ನಿಸಲಿ?

———

ಹೊತ್ತುಪಯಣ.

‘ಯಾನ’ವೂ ಬೇಡ, ‘ಕಾಲ’ವೂ ಬೇಡ. ‘ಕಾಲ’ದಲ್ಲಿ ಸಾವಿನ ನೆರಳಿದೆ. ‘ಅವರು ಕಾಲವಾದರು’ ಅಂತೀವಲ್ವಾ? ‘ಕಾಲಯಾನ’ ಅಂದರೆ ಯಮನ ಊರಿಗೆ ಹೊರಟ ಹಾಗೆ ಕೇಳಿಸುತ್ತದೆ. ‘ಕಾಲ ಪಯಣ’ ಅಂತ ಬಿಡಿಸಿ ಬರೆದರೆ ಇನ್ನೊಂದು ತೊಡಕು. ‘ಕಾಲ ಬೆರಳು’, ‘ಕಾಲ ಗೆಜ್ಜೆ’ಯ ಕಾಲು ನೆನಪಾಗುತ್ತದೆ.

‘ಹೊತ್ತು’ ನಮ್ಮದೇ ಪದ. ಹಳಗನ್ನಡದ ‘ಪೊೞ್ತು’. ಪ ಹೋಗಿ ಹ ಬಂತು, ೞ ಕರಗಿತು. ತಮಿಳಿನಲ್ಲಿ ಇಂದಿಗೂ ‘ಪೊೞುದು’ ಇದೆ. ಆಂಡಯ್ಯ 13ನೇ ಶತಮಾನದಲ್ಲೇ ತತ್ಸಮಗಳನ್ನು ದೂರ ಇಟ್ಟು ಕಾಮನ ಕತೆಯನ್ನು ಇಡೀ ಕಾವ್ಯವಾಗಿ ಬರೆದ. ಪ್ರೇಮಕತೆಯ ಒಂದು ಸಾಲಿಗೆ ನಾವು ಸಂಸ್ಕೃತದ ಕಡೆ ಕೈ ಚಾಚಬೇಕೇ?

———

‘ಹೊತ್ತುಪಯಣ’ ಆಗುವುದಿಲ್ಲ. ‘ಹೊಯ್ಸಳರ ಹೊತ್ತು’ ಅಂತ ಯಾರೂ ಹೇಳುವುದಿಲ್ಲ, ‘ಹೊಯ್ಸಳರ ಕಾಲ’ ಅಂತಲೇ ಹೇಳುತ್ತಾರೆ. ಹೊತ್ತು ದಿನದೊಳಗಿನ ಮಾತು. ಹೊತ್ತು ಮುಳುಗುತ್ತದೆ, ಮೂರು ಹೊತ್ತು ಉಣ್ಣುತ್ತೇವೆ. 900 ವರ್ಷ ಅದರಲ್ಲಿ ಹಿಡಿಸದು. ಜೊತೆಗೆ ಓದುವವರು ‘ಏನನ್ನು ಹೊತ್ತು?’ ಅಂತ ಕೇಳುತ್ತಾರೆ.

‘ಟೈಮ್ ಟ್ರಾವೆಲ್’ ಅಂತಲೇ ಬಿಡಿ. ಬಸ್ಸು, ರೈಲು ಒಗ್ಗಲಿಲ್ಲವೇ?

———

ಬಸ್ಸು, ರೈಲು ಕನ್ನಡದ ಬಾಯಲ್ಲಿ ಸವೆದಿವೆ, ಉಕಾರ ಹತ್ತಿಸಿಕೊಂಡಿವೆ. ‘ಟೈಮ್ ಟ್ರಾವೆಲ್’ ಸುಮ್ನೆ ಎತ್ತಿ ತಂದಿಟ್ಟದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ನನ್ನ ಮಾತು ಇಷ್ಟೇ.

———

ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಲೇ ಇಲ್ಲ. ನನಗೆ ಅದೇ ದೊಡ್ಡದು ಅನಿಸುತ್ತದೆ.

‘ಪ್ರೀತಿಸು’ ದ್ವಿತೀಯೆ ಕೇಳುತ್ತದೆ: ನಿನ್ನನ್ನು. ‘ಒಲಿ’ ಚತುರ್ಥಿ ಕೇಳುತ್ತದೆ: ನಿನಗೆ. ಮೇಡಂ, ನಿಮ್ಮ ಕಿವಿಗೆ ಕಿರಿಕಿರಿ ಆಗಿದ್ದು ಇಲ್ಲೇ. ಒಲಿಯುವವನು ಇನ್ನೊಬ್ಬರ ಕಡೆಗೆ ತಾನೇ ವಾಲುತ್ತಾನೆ. ನಿಮ್ಮ ಶಿಲ್ಪಿಯ ಶತಮಾನದವಳೇ ಆದ ಅಕ್ಕಮಹಾದೇವಿಯೂ ತನ್ನ ಚೆಲುವನಿಗೆ ಒಲಿದವಳು. ಹಾಗಾಗಿ ‘ನಿನಗೆ ಒಲಿದೆ’ ಅನ್ನಿಸಿ. ಎರಡೇ ಪದ. ‘ಪ್ರೀತಿಸುತ್ತೇನೆ’ ಅಂದರೆ ಇನ್ನೂ ನಡೆಯುತ್ತಿರುವ ಕೆಲಸ. ‘ಒಲಿದೆ’ ಅಂದರೆ ಆಗಿಹೋಯಿತು, ಇನ್ನು ತಿರುಗಿಸುವ ಹಾಗಿಲ್ಲ.

ಇದೇ ಬೇರಿನ ಇನ್ನೊಂದು ಪದ ನನಗೆ ಬಹಳ ಇಷ್ಟ. ‘ಒಲ್’ ಅಂದರೆ ಮೆಚ್ಚು, ಒಪ್ಪು. ಅದರ ನಿಷೇಧರೂಪವೇ ‘ಒಲ್ಲೆ’. ಒಲವೂ ಒಲ್ಲೆಯೂ ಒಂದೇ ಬೇರಿನವು! ಅವಳು ‘ನನ್ನ ಕಾಲಕ್ಕೆ ಬಾ’ ಅಂತ ಕರೆಯುವ ಜಾಗ ಕತೆಯಲ್ಲಿ ಇದ್ದೇ ಇರುತ್ತದೆ. ಅವನು ಬರುವುದಿಲ್ಲವಾದರೆ ‘ಒಲ್ಲೆ’ ಅನ್ನಲಿ. ಉತ್ತರ ಕರ್ನಾಟಕದ ಮಾತಿನಲ್ಲಿ ಅದು ಇಂದಿಗೂ ಇದೆ. ಅಡಿಟಿಪ್ಪಣಿ ಬೇಕಾಗುವುದಿಲ್ಲ.

ಇನ್ನು ಅಚ್ಚಗನ್ನಡದ ಮಾತು. ಶಿಲ್ಪಿಗೆ ಬರೀ ಅಚ್ಚಗನ್ನಡ ಆಡಿಸಿದರೆ ಅದು ಬೇಲೂರಿನ ಕನ್ನಡ ಆಗುವುದಿಲ್ಲ. ಆ ಗುಡಿಯ ಶಿಲ್ಪಗಳ ಕೆಳಗೆ ಹೆಸರು ಉಳಿಸಿದವರಲ್ಲಿ ದಾಸೋಜ ಒಬ್ಬ. ಆ ಹೆಸರಿನ ಕೊನೆಯ ‘ಓಜ’ ಉಪಾಧ್ಯಾಯದ ತದ್ಭವ. ಶಿಲ್ಪಿಗೆ ಹೊಯ್ಸಳರ ಶಾಸನಗಳಲ್ಲಿ ಬರುವ ಪದ ‘ರೂವಾರಿ’. ಅದೂ ಸಂಸ್ಕೃತದಿಂದ ಬಂದು ಸವೆದದ್ದೇ. ಈಗ ಪತ್ರಿಕೆಗಳಲ್ಲಿ ‘ಯೋಜನೆಯ ರೂವಾರಿ’ ಅಂತ ಓದುತ್ತೇವೆ. ಅಂದು ಅದು ಉಳಿ ಹಿಡಿದ ಕೈಯ ಹೆಸರು. ‘ಶಿಲ್ಪಿ’ ಇರುವ ಕಡೆಯೆಲ್ಲ ‘ರೂವಾರಿ’ ಹಾಕಿ ನೋಡಿ.

ಅವನಿಗೆ ಸಂಸ್ಕೃತ ಹೊಸದಲ್ಲ. ಹೊಸದಾಗುವುದು ಆಮೇಲೆ ಬಂದ ಪದಗಳು. ಪಾರಸಿ, ಅರಬ್ಬಿ ಕಡೆಯ ‘ಖುಷಿ’, ‘ಜಾಸ್ತಿ’, ‘ತಯಾರು’, ಪೋರ್ಚುಗೀಸರ ‘ಚಾವಿ’, ಇಂಗ್ಲಿಷಿನದಂತೂ ಎಲ್ಲವೂ. ಇವನ್ನು ಅವನ ಮಾತಿನಿಂದ ತೆಗೆಯಿರಿ, ಅವಳ ಮಾತಿನಲ್ಲಿ ಧಾರಾಳವಾಗಿ ಬಿಡಿ. ಅವಳು ‘ಲವ್’ ಅಂದರೆ ಅನ್ನಲಿ. ಅವಳು ಹಾಗೇ ಮಾತಾಡುವ ಹುಡುಗಿ. ಇಬ್ಬರಿಗೂ ಒಂದೇ ಕನ್ನಡ ಕೊಟ್ಟರೆ ನಡುವಿನ 900 ವರ್ಷ ಎಲ್ಲಿ ಹೋಯಿತು? ಹಾಗಂತ ಅವನಿಗೆ ‘ಪೋಗು’, ‘ಪಾಲ್’ ಅನ್ನಿಸಬೇಡಿ. ಓದುವವರು ನಿಘಂಟು ಹುಡುಕುತ್ತಾ ಪ್ರೇಮವನ್ನೇ ಮರೆಯುತ್ತಾರೆ.

ಮುಖಪುಟಕ್ಕೆ ನಾಮಪದ ಕಟ್ಟುವ ಗೋಜೇ ಬೇಡ. ಕ್ರಿಯಾಪದ ಹಿಡಿದರೆ ಕನ್ನಡ ಸಲೀಸಾಗಿ ಬರುತ್ತದೆ. ಹೊಳೆ ದಾಟುತ್ತೇವೆ, ಗಡಿ ದಾಟುತ್ತೇವೆ. ‘ಕಾಲ ದಾಟಿದ ಒಲವು’.

———

ಮತ್ತೆ ‘ಕಾಲ’ವೇ ಬಂತು. ನಾನು ಒಪ್ಪುವುದಿಲ್ಲ. ‘ಒಲ್ಲೆ’ಯ ಮಾತು ಮಾತ್ರ ಸರಿ.

———

ಎಲ್ಲರಿಗೂ ಧನ್ಯವಾದ. ‘ಕಾಲ ದಾಟಿದ ಒಲವು’ ಅಂತಲೇ ಈಗಷ್ಟೇ ಕಳಿಸಿದೆ. ‘ಹೊತ್ತು’ ಎಂದವರು ಬೇಸರ ಮಾಡಿಕೊಳ್ಳಬೇಡಿ. ‘ಕಾಲಯಾನ’ ಬಿಟ್ಟಿದ್ದು ನಿಮ್ಮ ಮಾತಿನಿಂದಲೇ.

‘ರೂವಾರಿ’ ಹಾಕಿದ ಮೇಲೆ ಅವನು ನನಗೇ ಬೇರೆ ಮನುಷ್ಯನಾಗಿ ಕಾಣುತ್ತಿದ್ದಾನೆ. ಅವನ ಮಾತಿನಲ್ಲಿ ‘ಖುಷಿ’ ಹನ್ನೊಂದು ಕಡೆ ಸಿಕ್ಕಿತು. ಒಂದೊಂದಾಗಿ ತೆಗೆಯುತ್ತಿದ್ದೇನೆ.

‘ಒಲ್ಲೆ’ಯ ಹತ್ತಿರ ಮಾತ್ರ ನಿಂತಿದ್ದೇನೆ. ಅವಳು ಕರೆಯುವ ಜಾಗ ಇದೆ. ಆದರೆ ಮೂಲದಲ್ಲಿ ಅವನು ಬಾಯಿ ಬಿಡುವುದಿಲ್ಲ, ತಲೆ ಅಲ್ಲಾಡಿಸುತ್ತಾನೆ ಅಷ್ಟೇ. ಮೂಲದಲ್ಲಿ ಇಲ್ಲದ ಒಂದು ಪದವನ್ನು ಅನುವಾದಕಿ ಅವನಿಗೆ ಕೊಡಬಹುದಾ?