ಬೇಸಿಗೆಯಲ್ಲಿ ಹೊರಗೆ ಮಾಡಿದ ಕೋರ್ಸು ಗ್ರೇಡಿಗೆ ಸೇರುತ್ತಾ?

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾ ಬೇ ಏರಿಯಾದ ಪಬ್ಲಿಕ್ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸ್. ಈ ಬೇಸಿಗೆಯಲ್ಲಿ ಜ್ಯಾಮಿಟ್ರಿ ಆನ್‌ಲೈನ್‌ನಲ್ಲಿ ಮುಗಿಸುತ್ತಾಳಂತೆ. ಜೊತೆಗೆ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಸೈಕಾಲಜಿ. ಇವು ಜಿಪಿಎಗೆ (ಗ್ರೇಡುಗಳ ಸರಾಸರಿ) ಸೇರುತ್ತವಾ? ನಾವು ಬೆಂಗಳೂರಿನಿಂದ ಬಂದು ಎರಡೇ ವರ್ಷ, ಒಂದೂ ಅರ್ಥವಾಗುತ್ತಿಲ್ಲ.

ಹನ್ನೆರಡನೇ ಕ್ಲಾಸಿನ ಹುಡುಗನ ಅಮ್ಮ: ನಾವು ಓದುವಾಗ ಟ್ಯೂಷನ್‌ಗೆ ಹೋಗಿದ್ದು ಮಾರ್ಕ್ಸ್ ಕಾರ್ಡಿನಲ್ಲಿ ಕಾಣುತ್ತಿತ್ತಾ? ಇಲ್ಲಿ ಕಾಣುತ್ತದೆ. ಅದೂ ಎರಡು ಕಡೆ ಎರಡು ಥರ. ಸ್ಕೂಲಿನ ಜಿಪಿಎ ಬೇರೆ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಹಾಕುವ ಜಿಪಿಎ ಬೇರೆ.

ನಮ್ಮವನೂ ಒಂಬತ್ತು ಮುಗಿದ ಬೇಸಿಗೆಯಲ್ಲೇ ಆನ್‌ಲೈನ್ ಜ್ಯಾಮಿಟ್ರಿ ಮಾಡಿದ. ಎ ಬಂತು. ಆಗಸ್ಟಿನಲ್ಲಿ ಖುಷಿಯಿಂದ ಸ್ಕೂಲಿಗೆ ಅದರ ಮಾರ್ಕ್ಸ್ ಕಾರ್ಡು, ಅಂದರೆ ಟ್ರಾನ್ಸ್‌ಕ್ರಿಪ್ಟ್ ಕಳಿಸಿದರೆ ಕೌನ್ಸೆಲರ್‌ರಿಂದ ಎರಡೇ ಸಾಲಿನ ಮೇಲ್. ಮೊದಲೇ ಅನುಮತಿ ಫಾರಂ ಕೊಟ್ಟಿಲ್ಲ, ಆದ್ದರಿಂದ ಸೇರಿಸುವುದಿಲ್ಲ ಅಂತ. ಮುಂದಿನ ಗಣಿತಕ್ಕೆ ಹೋಗಲು ಪರೀಕ್ಷೆ ಬೇರೆ ಬರೆಸಿದರು. ಮೂರು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ, ಬಿಡಿ.

ಆದರೆ ಆ ಎ ಪೂರ್ತಿ ನೀರಿನಲ್ಲಿ ಹೋಗಲಿಲ್ಲ. ಕೋರ್ಸು ಯುಸಿಯ ‘ಎ-ಜಿ’ ಪಟ್ಟಿಯಲ್ಲಿತ್ತು, ಅಂದರೆ ಪ್ರವೇಶಕ್ಕೆ ಯುಸಿ ಒಪ್ಪುವ ಹೈಸ್ಕೂಲ್ ಕೋರ್ಸುಗಳ ಪಟ್ಟಿ. ಯುಸಿ ಅರ್ಜಿಯಲ್ಲಿ ಆ ಆನ್‌ಲೈನ್ ಶಾಲೆಯ ಹೆಸರು ಹಾಕಿ ಗ್ರೇಡ್ ತುಂಬಿದ. ಒಂಬತ್ತು ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಗ್ರೇಡುಗಳನ್ನು ಯುಸಿ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಪಟ್ಟಿಯಲ್ಲಿದ್ದರೆ ನಿಮ್ಮ ಮಗಳ ಜ್ಯಾಮಿಟ್ರಿಯೂ ಸೇರುತ್ತದೆ. ದುಡ್ಡು ಕಟ್ಟುವ ಮೊದಲು ಎ-ಜಿ ಪಟ್ಟಿ ತೆಗೆದು ಅದೇ ಶಾಲೆ, ಅದೇ ಕೋರ್ಸು ಇದೆಯಾ ನೋಡಿ. ಯುಸಿಯದೇ ಆದ ‘ಸ್ಕೌಟ್’ ಎಂಬ ಆನ್‌ಲೈನ್ ಕೋರ್ಸುಗಳೂ ಇವೆ.

ಸ್ಯಾನ್ ಹೊಸೆಯಿಂದ ಒಬ್ಬ ಅಪ್ಪ: ಸೈಕಾಲಜಿ ಬಗ್ಗೆ ನಾನು ಹೇಳುತ್ತೇನೆ. ಯುನಿಟ್‌ಗೆ (ಕೋರ್ಸಿನ ಕ್ರೆಡಿಟ್ ಅಳತೆ) 46 ಡಾಲರ್ ಫೀ, ಹೈಸ್ಕೂಲ್ ಮಕ್ಕಳಿಗೆ ಸಾಮಾನ್ಯವಾಗಿ ಮನ್ನಾ. ಪುಸ್ತಕ ನಮ್ಮ ತಲೆಗೆ. ಯುಸಿಗೆ ವರ್ಗಾವಣೆಯಾಗುವ (ಯುಸಿ ತನ್ನ ಡಿಗ್ರಿಗೂ ಒಪ್ಪುವ) ಕಾಲೇಜು ಕೋರ್ಸಾದರೆ ಒಂದು ಸೆಮಿಸ್ಟರ್ ಹೈಸ್ಕೂಲಿನ ಒಂದು ವರ್ಷಕ್ಕೆ ಸಮ. ಮೇಲೆ ಒಂದು ಪಾಯಿಂಟ್ ಜಾಸ್ತಿ, ಅಂದರೆ ಬಿ ಬಂದರೂ 3ರ ಬದಲು 4. ಎಪಿ, ಆನರ್ಸ್ ಎಂಬ ಕಠಿಣ ಹೈಸ್ಕೂಲ್ ಕೋರ್ಸುಗಳೆಲ್ಲ ಸೇರಿ ಎಂಟು ಸೆಮಿಸ್ಟರ್‌ವರೆಗೆ ಮಾತ್ರ ಈ ಲಾಭ.

ಕೇಳಲು ಚೆನ್ನಾಗಿದೆ ಅಲ್ವಾ? ನನ್ನ ಮಗಳು ಆರು ವಾರದ ಬೇಸಿಗೆ ಕ್ಲಾಸಿಗೆ ಸೇರಿದಳು. ಇಡೀ ಸೆಮಿಸ್ಟರಿನ ಪಾಠ ಆರು ವಾರದಲ್ಲಿ. ಎರಡನೇ ವಾರಕ್ಕೇ ಹಿಂದೆ ಬಿದ್ದಳು. ನಾನು ಕಾಲೇಜಿಗೆ ಫೋನ್ ಮಾಡಿದರೆ, ‘ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ’ ಎಂದರು. ಹದಿನೈದು ವರ್ಷದ ಹುಡುಗಿ! ಕಾಲೇಜಿಗೆ ಸೇರಿದ ಮೇಲೆ ವಯಸ್ಸು ಎಷ್ಟೇ ಇರಲಿ, ದಾಖಲೆಯ ಹಕ್ಕು ಅವರದೇ. ಫೆಡರಲ್ ಕಾನೂನು ಹಾಗಿದೆ. ಅವಳು ಹೇಳುವಷ್ಟರಲ್ಲಿ ಡ್ರಾಪ್ ಮಾಡುವ ದಿನ ಮುಗಿದಿತ್ತು. ಸಿ ಬಂತು. ಆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಅದು ಇದ್ದೇ ಇರುತ್ತದೆ, ಅರ್ಜಿಯಲ್ಲಿ ಮುಚ್ಚಿಡುವ ಹಾಗಿಲ್ಲ. ಜ್ಯಾಮಿಟ್ರಿ, ಸೈಕಾಲಜಿ ಎರಡೂ ಒಂದೇ ಬೇಸಿಗೆಗೆ ಬೇಡ ಅನ್ನುವುದು ನನ್ನ ಮಾತು.

ಇನ್ನೊಬ್ಬರು: ಕೋರ್ಸೆರಾ, ಖಾನ್ ಅಕಾಡೆಮಿಯೆಲ್ಲ ಕಲಿಯಲು ಸರಿ, ಗ್ರೇಡಿಗೆ ಇಲ್ಲ. ನಾವು ಸುಮ್ನೆ ನಾಲ್ಕು ಸರ್ಟಿಫಿಕೇಟ್ ಪ್ರಿಂಟ್ ಹಾಕಿಸಿದೆವು. ಹಾಂ, ವಾರಾಂತ್ಯದ ಕನ್ನಡ ಶಾಲೆಗೆ ಹೋಗುತ್ತಾಳಾ? ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಅದಕ್ಕೆ ಭಾಷೆಯ ಕ್ರೆಡಿಟ್ ಕೊಟ್ಟರು. ನಿಮ್ಮಲ್ಲೂ ವಿಚಾರಿಸಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕೌನ್ಸೆಲರ್‌ಗೆ ಈಗಷ್ಟೇ ಮೇಲ್ ಹಾಕಿದೆ. ಅನುಮತಿ ಫಾರಂ ಕೊಡಲು ಈ ಶುಕ್ರವಾರವೇ ಕೊನೆಯಂತೆ! ಸೈಕಾಲಜಿ ಮುಂದಿನ ವರ್ಷಕ್ಕೆ ಇಟ್ಟುಕೊಂಡೆವು. ಮಗಳಿಗೆ ಸಿಟ್ಟು ಬಂದಿದೆ.