ಬೆಸೆಲ್ ಫಂಕ್ಷನ್ ಜೆ₀: ಎಕ್ಸ್ 40ರ ಹತ್ತಿರ ಬಂದರೆ ಸರಣಿಯ ಉತ್ತರ ಕೆಡುತ್ತಿದೆ

ತರಂಗಪ್ರಿಯ

ಎಲ್ಲರಿಗೂ ನಮಸ್ಕಾರ. ದುಂಡನೆಯ ಡ್ರಮ್ಮಿನ ಪೊರೆ ಹೇಗೆ ಕಂಪಿಸುತ್ತದೆ ಅಂತ ಬ್ರೌಸರಿನಲ್ಲಿ ತೋರಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಅದಕ್ಕೆ ಬೆಸೆಲ್ ಫಂಕ್ಷನ್ ಜೆ₀ (ದುಂಡನೆಯ ಪೊರೆಯ ಅಲೆಯ ಆಕಾರ ಹೇಳುವ ಗಣಿತದ ಫಂಕ್ಷನ್) ಬೇಕು. ಜಾವಾಸ್ಕ್ರಿಪ್ಟಿನಲ್ಲಿ ಅದು ಸಿದ್ಧವಾಗಿ ಸಿಗುವುದಿಲ್ಲ. ಹಾಗಾಗಿ ಅನಂತ ಸರಣಿಯನ್ನೇ ನೇರವಾಗಿ ಕೂಡಿಸುತ್ತಿದ್ದೇನೆ:

ಜೆ₀(ಎಕ್ಸ್) = 1 − (ಎಕ್ಸ್/2)² + (ಎಕ್ಸ್/2)⁴/(2!)² − (ಎಕ್ಸ್/2)⁶/(3!)² + …

ಫ್ಯಾಕ್ಟೋರಿಯಲ್ಲನ್ನು ಬೇರೆಯಾಗಿ ಲೆಕ್ಕ ಹಾಕುತ್ತಿಲ್ಲ. ಹಿಂದಿನ ಪದವನ್ನು −(ಎಕ್ಸ್/2)²/ಕೆ² ಇಂದ ಗುಣಿಸಿ ಮುಂದಿನ ಪದ ಪಡೆಯುತ್ತೇನೆ (ಕೆ ಅಂದರೆ ಪದದ ಸಂಖ್ಯೆ, ಮೊದಲ 1ಕ್ಕೆ ಕೆ = 0). ಆದ್ದರಿಂದ ಸಂಖ್ಯೆ ಮಿತಿಮೀರಿ ಇನ್ಫಿನಿಟಿ ಆಗುವ ತೊಂದರೆ ಇಲ್ಲ.

ಎಕ್ಸ್ 10ರ ಆಸುಪಾಸಿನಲ್ಲಿ ಎಲ್ಲ ಸರಿಯಾಗಿದೆ. ಮೊದಲ ಸೊನ್ನೆಗಳು (ಜೆ₀ = 0 ಆಗುವ ಜಾಗಗಳು) 2.4048, 5.5201, 8.6537 ಅಂತ ಕೋಷ್ಟಕದಲ್ಲಿ ಇರುವ ಹಾಗೇ ಬರುತ್ತವೆ. 30ರ ಹತ್ತಿರ ನಾಲ್ಕು ದಶಮಾಂಶ ಆದಮೇಲೆ ವ್ಯತ್ಯಾಸ ಕಾಣುತ್ತದೆ. 40ರಲ್ಲಿ ಗ್ರಾಫ್ ಗರಗಸದ ಹಾಗೆ ಆಗುತ್ತದೆ. 50ರಲ್ಲಿ ಉತ್ತರ ಸಾವಿರಗಟ್ಟಲೆ ಬರುತ್ತದೆ! ಜೆ₀ ಯಾವತ್ತೂ 1ನ್ನು ದಾಟಬಾರದು, ಅಲ್ವಾ? ಪದಗಳನ್ನು ಕೊನೆಯಿಂದ ಮೊದಲಿಗೆ ಕೂಡಿಸಿದರೆ ಇನ್ನೊಂದೇ ಉತ್ತರ.

ಈ ಸರಣಿ ಎಲ್ಲ ಎಕ್ಸ್‌ಗೂ ಒಮ್ಮುಖವಾಗುತ್ತದೆ, ಅಂದರೆ ಪದ ಕೂಡಿಸುತ್ತಾ ಹೋದರೆ ಮೊತ್ತ ಒಂದು ನಿಶ್ಚಿತ ಬೆಲೆಗೆ ಹತ್ತಿರವಾಗುತ್ತದೆ ಅಂತ ಪುಸ್ತಕ ಹೇಳುತ್ತದೆ. ನನಗೆ 20ನೇ ಸೊನ್ನೆಯವರೆಗೆ, ಅಂದರೆ ಎಕ್ಸ್ ಸುಮಾರು 62ರವರೆಗೆ ಬೇಕು. ಇನ್ನೂ ಜಾಸ್ತಿ ಪದ ಸೇರಿಸಬೇಕಾ?

ಶೇಷಪದ

ಪದ ಜಾಸ್ತಿ ಮಾಡಿ ಉಪಯೋಗವಿಲ್ಲ. ಎಕ್ಸ್ = 50ಕ್ಕೆ 100 ಪದ ಧಾರಾಳ ಸಾಕು. ತೊಂದರೆ ಇರುವುದು ನಡುವಿನ ಪದಗಳಲ್ಲಿ. ಒಂದೊಂದು ಪದವನ್ನೂ ಪ್ರಿಂಟ್ ಮಾಡಿ ನೋಡಿ. ಕೆ = 24 ಮತ್ತು ಕೆ = 25ರ ಪದಗಳು ಗಾತ್ರದಲ್ಲಿ ಸಮ, ಚಿಹ್ನೆ ಮಾತ್ರ ಬೇರೆ. ಆ ಗಾತ್ರ ಸುಮಾರು 3.28 × 10¹⁹. ಜಾವಾಸ್ಕ್ರಿಪ್ಟಿನ ಸಂಖ್ಯೆಗಳಿಗೆ ಇರುವುದು ಸುಮಾರು 16 ಅಂಕಿಗಳ ನಿಖರತೆ. ಅಷ್ಟು ದೊಡ್ಡ ಸಂಖ್ಯೆಗಳ ನಡುವೆ ಒಂದರಿಂದ ಪಕ್ಕದ್ದಕ್ಕೆ 4096 ಅಂತರ ಇರುತ್ತದೆ. ನಿಮಗೆ ಬೇಕಾದ ಉತ್ತರವೋ 0.0558. ಇಂಥ ದೈತ್ಯ ಪದಗಳು ಒಂದನ್ನೊಂದು ಹೊಡೆದುಹಾಕಿ ಉಳಿಯಬೇಕಾದ ಚೂರು ಅದು. ಉಳಿಯುವುದು ಬರೀ ರೌಂಡಿಂಗ್ ಕಸ.

ಪುಸ್ತಕ ಹೇಳಿದ್ದು ನಿಜವೇ. ಆದರೆ ಅದು ಪೂರ್ತಿ ನಿಖರವಾದ ಸಂಖ್ಯೆಗಳ ಬಗ್ಗೆ ಹೇಳಿದ ಮಾತು. ಎಕ್ಸ್ 20 ಇದ್ದಾಗ ದೊಡ್ಡ ಪದ 76 ಲಕ್ಷದ ಹತ್ತಿರ, ಆದ್ದರಿಂದ ಏಳೆಂಟು ದಶಮಾಂಶ ಉಳಿದುಕೊಳ್ಳುತ್ತವೆ. 30ರಲ್ಲಿ ದೊಡ್ಡ ಪದ 10¹¹ ದಾಟುತ್ತದೆ. ನಿಮಗೆ ನಾಲ್ಕು ದಶಮಾಂಶ ಸಿಕ್ಕಿದ್ದು ಅದಕ್ಕೇ.

ಅಂಕಿಮನೆ

ಕಹಾನ್ ವಿಧಾನದಲ್ಲಿ ಕೂಡಿಸಿದರೆ? ಅದು ರೌಂಡಿಂಗ್ ತಪ್ಪನ್ನು ಹಿಡಿದಿಟ್ಟುಕೊಂಡು ಸರಿಪಡಿಸುತ್ತದೆ.

ಶೇಷಪದ

ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಹಾನ್ ಸರಿಪಡಿಸುವುದು ಕೂಡುವಾಗ ಆಗುವ ತಪ್ಪನ್ನು. ಇಲ್ಲಿ ಪ್ರತಿ ಪದವೂ ಗುಣಾಕಾರ ಭಾಗಾಕಾರದಲ್ಲೇ 16ನೇ ಅಂಕಿಯ ಹೊತ್ತಿಗೆ ಕೆಟ್ಟು ಬಂದಿರುತ್ತದೆ. ಕೆಟ್ಟ ಪದಗಳನ್ನು ಎಷ್ಟು ಜೋಪಾನವಾಗಿ ಕೂಡಿದರೂ ಅಷ್ಟೇ.

40 ಅಂಕಿಗಳ ನಿಖರತೆ ಕೊಡುವ ಲೈಬ್ರರಿ ಬಳಸಿದರೆ ಇದೇ ಸರಣಿ 50ರಲ್ಲೂ ಚೆನ್ನಾಗಿ ನಡೆಯುತ್ತದೆ. ಆದರೆ ಪೊರೆಯ ಪ್ರತಿ ಬಿಂದುವಿಗೂ ಹಾಗೆ ಮಾಡಿದರೆ ಅನಿಮೇಷನ್ ತೆವಳುತ್ತದೆ.

ಮಂದ್ರಸ್ವರ

ಎಕ್ಸ್ ದೊಡ್ಡದಿದ್ದಾಗ ಸರಣಿಯನ್ನೇ ಬಿಟ್ಟುಬಿಡಿ. ಜೆ₀ ಆಗ ನಿಧಾನವಾಗಿ ಕುಗ್ಗುವ ಕೊಸೈನ್ ಅಲೆ:

√(2/(ಪೈ·ಎಕ್ಸ್)) × ಕೊಸೈನ್(ಎಕ್ಸ್ − ಪೈ/4)

50ರಲ್ಲಿ ಇದಿಷ್ಟೇ 0.05606 ಕೊಡುತ್ತದೆ. ನಿಜವಾದ ಬೆಲೆ 0.05581. ಕೊಸೈನ್‌ಗೆ ಸೈನ್(ಎಕ್ಸ್ − ಪೈ/4)/(8·ಎಕ್ಸ್) ಅನ್ನೋ ಒಂದೇ ಒಂದು ತಿದ್ದುಪಡಿ ಕೂಡಿಸಿ, ಆಮೇಲೆ ವರ್ಗಮೂಲದಿಂದ ಗುಣಿಸಿ. ಐದು ದಶಮಾಂಶ ಸರಿಹೋಗುತ್ತದೆ. ಬೇಕಾದರೆ ತಿದ್ದುಪಡಿಗಳು ಇನ್ನೂ ಇವೆ.

ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಏನೆಂದರೆ, ಈ ತಿದ್ದುಪಡಿಗಳ ಸರಣಿ ಒಮ್ಮುಖವಾಗುವುದೇ ಇಲ್ಲ. ಪದಗಳು ಮೊದಲು ಚಿಕ್ಕದಾಗುತ್ತವೆ, ಆಮೇಲೆ ದೊಡ್ಡದಾಗುತ್ತಾ ಹೋಗುತ್ತವೆ. ಅತಿ ಚಿಕ್ಕ ಪದದ ಹತ್ತಿರ ನಿಲ್ಲಿಸಬೇಕು. ಎಕ್ಸ್ 25 ದಾಟಿದರೆ ಅಷ್ಟರಲ್ಲೇ 16 ಅಂಕಿ ಸಿಕ್ಕಿರುತ್ತದೆ. 1850ರಲ್ಲಿ ಜಾರ್ಜ್ ಸ್ಟೋಕ್ಸ್ ಕೂಡ ಇದೇ ದಾರಿ ಹಿಡಿದಿದ್ದರು. ಕಾಮನಬಿಲ್ಲಿಗೆ ಸಂಬಂಧಿಸಿದ ಏರಿ ಫಂಕ್ಷನ್ನಿನ ಸರಣಿ ಒಮ್ಮುಖವಾಗುವಂಥದ್ದೇ. ಆದರೂ ದೂರದ ಸೊನ್ನೆಗಳನ್ನು ಅದರಿಂದ ಲೆಕ್ಕ ಹಾಕುವುದು ವಿಪರೀತ ಕಷ್ಟವಾಗಿತ್ತು. ಒಮ್ಮುಖವಾಗದ ಸರಣಿಯಿಂದ ಸ್ಟೋಕ್ಸ್ ಅವನ್ನು ಸಲೀಸಾಗಿ ಪಡೆದರು.

ಶೇಷಪದ

ಮಂದ್ರಸ್ವರ ಅವರು ಹೇಳಿದ್ದು ಸರಿ. ಆದರೆ ತರಂಗಪ್ರಿಯ ಅವರ ಕೆಲಸಕ್ಕೆ ನಾನು ಮಿಲ್ಲರ್ ವಿಧಾನವನ್ನೇ ಹೇಳುತ್ತೇನೆ. ಜೆ. ಸಿ. ಪಿ. ಮಿಲ್ಲರ್ ಬೆಸೆಲ್ ಕೋಷ್ಟಕಗಳಿಗೆ ಬಳಸಿದ್ದು, ಪ್ರಕಟವಾದದ್ದು 1952ರಲ್ಲಿ. ಅಕ್ಕಪಕ್ಕದ ಮೂರು ಬೆಸೆಲ್ ಫಂಕ್ಷನ್‌ಗಳ ನಡುವೆ ಒಂದು ಸಂಬಂಧ ಇದೆ:

ಜೆ(ಎನ್−1) = (2·ಎನ್/ಎಕ್ಸ್) × ಜೆ(ಎನ್) − ಜೆ(ಎನ್+1)

ಎನ್ ಅನ್ನು ಎಕ್ಸ್‌ಗಿಂತ 60ರಷ್ಟು ಮೇಲಿನ ಒಂದು ಸಮಸಂಖ್ಯೆಯಿಂದ ಶುರುಮಾಡಿ. ಅಲ್ಲಿ ಜೆ(ಎನ್+1) = 0, ಜೆ(ಎನ್) = 10⁻³⁰ ಅಂತ ಸುಮ್ನೆ ಇಟ್ಟುಕೊಳ್ಳಿ. ಸೂತ್ರ ಬಳಸಿ ಕೆಳಗಿಳಿಯುತ್ತಾ 0ವರೆಗೆ ಬನ್ನಿ. ಸಿಕ್ಕ ಸಂಖ್ಯೆಗಳೆಲ್ಲ ನಿಜವಾದ ಬೆಲೆಯ ಒಂದೇ ಗುಣಕದಷ್ಟು ಇರುತ್ತವೆ. ಆ ಗುಣಕ ತಿಳಿಯಲು ಜೆ₀ + 2(ಜೆ₂ + ಜೆ₄ + ಜೆ₆ + …) = 1 ಅನ್ನೋ ನಿಯಮ ಇದೆ. ಈ ಮೊತ್ತ ಎಷ್ಟು ಬರುತ್ತದೋ ಅದರಿಂದ ಎಲ್ಲವನ್ನೂ ಭಾಗಿಸಿ. ಮುಗಿಯಿತು.

ಸುಳ್ಳು ಸಂಖ್ಯೆಯಿಂದ ಶುರುಮಾಡಿ ನಿಜ ಉತ್ತರ ಹೇಗೆ ಬರುತ್ತದೆ ಅಂತ ಅನ್ನಿಸಬಹುದು. ಎನ್ ಎಕ್ಸ್‌ಗಿಂತ ಮೇಲಿರುವಾಗ ಈ ಸಮೀಕರಣಕ್ಕೆ ಎರಡು ಬಗೆಯ ಪರಿಹಾರಗಳಿವೆ. ಕೆಳಗಿಳಿಯುವಾಗ ಬೆಸೆಲ್ ಜೆ ವೇಗವಾಗಿ ಬೆಳೆಯುತ್ತದೆ, ಇನ್ನೊಂದು ಕರಗಿಹೋಗುತ್ತದೆ. ಶುರುವಿನಲ್ಲಿ ಇಟ್ಟ ತಪ್ಪೆಲ್ಲ ಆ ಇನ್ನೊಂದರ ಜೊತೆ ಹೋಗಿಬಿಡುತ್ತದೆ. ಜೆ₀, ಜೆ₁ ಇಂದ ಮೇಲಕ್ಕೆ ಹತ್ತಿದರೆ ಇದರ ಉಲ್ಟಾ: ಎನ್ ಎಕ್ಸ್ ಅನ್ನು ದಾಟಿದ ಮೇಲೆ ತಪ್ಪೇ ಬೆಳೆಯುತ್ತದೆ. ದಿಕ್ಕು ಬದಲಿಸಬೇಡಿ.

ತರಂಗಪ್ರಿಯ

ಬಂತು! 50ಕ್ಕೆ 0.05581232767. ಗ್ರಾಫ್ 62ರವರೆಗೂ ನಯವಾಗಿದೆ. ಇಬ್ಬರಿಗೂ ತುಂಬಾ ಧನ್ಯವಾದಗಳು. ಇನ್ನು ಸೊನ್ನೆಗಳನ್ನು ಹುಡುಕಲು ಸಣ್ಣ ಸಣ್ಣ ಹೆಜ್ಜೆಯಲ್ಲಿ ಚಿಹ್ನೆ ಬದಲಾಗುವ ಜಾಗ ನೋಡುತ್ತಿದ್ದೇನೆ. ಬೇರೆ ದಾರಿ ಇದೆಯಾ?

ಮಂದ್ರಸ್ವರ

ಇದೆ. ಕೊಸೈನ್ ಸೂತ್ರವೇ ಹೇಳುತ್ತದೆ: ಎಮ್‌ನೇ ಸೊನ್ನೆ (ಎಮ್ − 1/4)·ಪೈ ಹತ್ತಿರ ಇರುತ್ತದೆ. ಆ ಸಂಖ್ಯೆಯ 8 ಪಟ್ಟಿನಿಂದ 1ನ್ನು ಭಾಗಿಸಿ ಅದಕ್ಕೇ ಕೂಡಿಸಿ. 20ನೆಯದಕ್ಕೆ 62.04847 ಬರುತ್ತದೆ, ಐದು ದಶಮಾಂಶಕ್ಕೂ ಸರಿ. ಮೊದಲ ಸೊನ್ನೆಗೆ 2.409 ಬರುತ್ತದೆ, ಅಲ್ಲಿ ನ್ಯೂಟನ್ ವಿಧಾನ (ಅಂದಾಜನ್ನು ಅವಕಲನದ ಸಹಾಯದಿಂದ ಹೆಜ್ಜೆ ಹೆಜ್ಜೆಯಾಗಿ ತಿದ್ದುವುದು) ಬೇಕಾಗುತ್ತದೆ. ಜೆ₀ಯ ಅವಕಲನ −ಜೆ₁. ಅದು ಮಿಲ್ಲರ್ ಪಟ್ಟಿಯಲ್ಲಿ ಆಗಲೇ ಇದೆ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಎಕ್ಸ್‌ಗೆ ಜೆ₀/ಜೆ₁ ಕೂಡಿಸಿದರೆ ಸಾಕು.

ಪೊರೆಯ ನಡುವೆ ಅಲುಗದೆ ನಿಲ್ಲುವ ಗೆರೆ ಹಾದುಹೋಗುವಂಥ ಕಂಪನಗಳನ್ನೂ ತೋರಿಸುವುದಾದರೆ ಜೆ₁, ಜೆ₂, ಜೆ₃ ಬೇಕಾಗುತ್ತವೆ. ಅವೂ ಅದೇ ಪಟ್ಟಿಯಲ್ಲಿ ಸಿಗುತ್ತವೆ.

ಶೇಷಪದ

ಒಂದು ಎಚ್ಚರಿಕೆ. ಪೊರೆಯ ನಡುಮಧ್ಯದಲ್ಲಿ ಎಕ್ಸ್ = 0. ಅಲ್ಲಿ ಮಿಲ್ಲರ್ ಸೂತ್ರ ಸೊನ್ನೆಯಿಂದ ಭಾಗಿಸುತ್ತದೆ. ಎಕ್ಸ್ 0.00001ರಂತೆ ತೀರಾ ಚಿಕ್ಕದಿದ್ದರೂ 60 ಹೆಜ್ಜೆಗಳಲ್ಲಿ ಸಂಖ್ಯೆ ಎಷ್ಟೋ ಪಟ್ಟು ಬೆಳೆದು ಇನ್ಫಿನಿಟಿ ಆಗಬಹುದು. ಎಕ್ಸ್ 5ಕ್ಕಿಂತ ಕಡಿಮೆ ಇದ್ದಾಗ ನಿಮ್ಮ ಹಳೆಯ ಸರಣಿಯನ್ನೇ ಇಟ್ಟುಕೊಳ್ಳಿ. ಅಲ್ಲಿ ಅತಿ ದೊಡ್ಡ ಪದವೂ 10 ದಾಟುವುದಿಲ್ಲ. ಹೋದರೆ ಒಂದು ಅಂಕಿ ಹೋಗಬಹುದು, ಅಷ್ಟೇ.