ತೋಟದಲ್ಲಿ ಮೂರು ದಿನದ ಮದುವೆ: ಅತಿಥಿಗಳಿಗೆ ಮೊದಲೇ ಏನೇನು ತಿಳಿಸಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ತಂಗಿಯ ಮದುವೆಯನ್ನು ಫೆಬ್ರುವರಿಯಲ್ಲಿ, ಸಕಲೇಶಪುರ ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಪ್ಪನವರ ಕಾಫಿ ತೋಟದಲ್ಲಿ ನಡೆಸಲು ನಿಶ್ಚಯಿಸಿದ್ದೇವೆ. ಶುಕ್ರವಾರ ಸಂಜೆ ಚಪ್ಪರದ ಪೂಜೆ ಮತ್ತು ಅರಿಶಿನ ಶಾಸ್ತ್ರ, ಶನಿವಾರ ಸಂಜೆ ವರಪೂಜೆ ಹಾಗೂ ಆರತಕ್ಷತೆ, ಭಾನುವಾರ ಬೆಳಿಗ್ಗೆ ಧಾರೆ. ಬರುವವರಲ್ಲಿ ಹೆಚ್ಚಿನವರು ಬೆಂಗಳೂರು ಮತ್ತು ಮಂಗಳೂರಿನವರು. ಅವರಿಗೆ ಸುತ್ತಮುತ್ತಲಿನ ಹೋಂಸ್ಟೇಗಳಲ್ಲಿ ವಸತಿ. ಲಗ್ನಪತ್ರಿಕೆಯ ಜೊತೆಗೆ ಒಂದು ಮಾಹಿತಿ ಪತ್ರವನ್ನೂ ಕಳುಹಿಸಬೇಕೆಂದಿದ್ದೇವೆ. ಅದರಲ್ಲಿ ಏನೇನು ಇರಬೇಕು? ಆನೆ, ಚಳಿ ಎಂದೆಲ್ಲ ಬರೆದರೆ ನೆಂಟರು ಹೆದರಿ ಬರುವುದನ್ನೇ ಬಿಟ್ಟಾರು ಎಂಬುದು ಅಮ್ಮನ ಆತಂಕ.

ಉತ್ತರ (ಮದುವೆ ವ್ಯವಸ್ಥಾಪಕಿ): ತಮ್ಮ ತಾಯಿಯವರ ಆತಂಕ ಸಹಜವಾದದ್ದೇ. ಆದರೆ ಎಲ್ಲ ನೆಂಟರೂ ಮೂರೂ ದಿನ ಇರಬೇಕಾಗಿಲ್ಲ. ಯಾರು ಯಾವ ದಿನಕ್ಕೆ ಬರುವುದು, ಮನೆಯ ಹಿರಿಯರನ್ನು ಕರೆತರುವುದೋ ಬೇಡವೋ ಎಂಬುದನ್ನು ಅವರು ತಮ್ಮ ಮನೆಯಲ್ಲಿ ಕುಳಿತೇ ತೀರ್ಮಾನಿಸುವಂತಾಗಬೇಕು. ಪತ್ರ ಇರುವುದೇ ಅದಕ್ಕಾಗಿ. ತೋಟದ ಚೆಲುವನ್ನು ವರ್ಣಿಸುವ ಕೆಲಸವನ್ನು ಲಗ್ನಪತ್ರಿಕೆಗೆ ಬಿಟ್ಟು, ಮಾಹಿತಿ ಪತ್ರದಲ್ಲಿ ಅಲ್ಲಿನ ಅನನುಕೂಲಗಳನ್ನು ನೇರವಾಗಿ ಬರೆಯಿರಿ.

ಪತ್ರದ ಮೊದಲ ಸಾಲು ‘ಸಂಜೆ ಆರು ಗಂಟೆಯೊಳಗೆ ತೋಟ ತಲುಪಿ’ ಎಂದಿರಲಿ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟದಿಂದ ತೋಟಕ್ಕೆ ಸಂಚರಿಸುತ್ತಲೇ ಇರುತ್ತವೆ; ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಅವು ರಸ್ತೆ ದಾಟುವುದು ಹೆಚ್ಚು. ಅಲ್ಲಿನವರು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಬರುವ ಸಂದೇಶವನ್ನು ನೋಡಿಕೊಂಡೇ ಓಡಾಡುತ್ತಾರೆ. ದಾರಿ ಗೊತ್ತಿಲ್ಲದ ಬೆಂಗಳೂರಿನ ಅತಿಥಿಗೆ ಆ ಸಂದೇಶವೂ ಇಲ್ಲ, ಹೆದ್ದಾರಿಯಿಂದ ಒಳಕ್ಕೆ ತಿರುಗಿದ ಮೇಲೆ ನೆಟ್‌ವರ್ಕ್ ಸಿಗುವ ಭರವಸೆಯೂ ಇಲ್ಲ. ಆದ್ದರಿಂದ ಲೊಕೇಶನ್ ಕಳುಹಿಸಿದರಷ್ಟೇ ಸಾಲದು. ಹೆದ್ದಾರಿಯಲ್ಲಿ ಎಲ್ಲಿ ತಿರುಗಬೇಕು, ಆ ಬಳಿಕ ಯಾವ ಶಾಲೆ, ಯಾವ ಸೇತುವೆ, ಯಾವ ಗೇಟು ಸಿಗುತ್ತದೆ ಎಂಬುದನ್ನು ಮಾತಿನಲ್ಲೇ ಬರೆದು, ತೋಟದ ಮನೆಯ ಸ್ಥಿರ ದೂರವಾಣಿ ಇದ್ದರೆ ಅದರ ಸಂಖ್ಯೆಯನ್ನೂ ಕೊಡಿ. ಕತ್ತಲಾದ ಮೇಲೆ ಚಪ್ಪರದಿಂದ ಹೋಂಸ್ಟೇಗೆ ಯಾರೂ ನಡೆದು ಹೋಗಬಾರದು, ಜೀಪು ಅಥವಾ ಟೆಂಪೊ ಟ್ರಾವೆಲರ್‌ನಲ್ಲೇ ಹೋಗಬೇಕು ಎಂಬುದನ್ನು ಸಮಯದ ಸಮೇತ ತಿಳಿಸಿ. ಆನೆ ಕಂಡರೆ ಫೋಟೊ ತೆಗೆಯಲು ಇಳಿಯಬಾರದೆಂದು ಬರೆಯುವುದು ಅತಿಯೆನಿಸಬಹುದು. ಆದರೂ ಬರೆಯಿರಿ, ಇಳಿಯುವವರು ಇದ್ದೇ ಇರುತ್ತಾರೆ.

ಫೆಬ್ರುವರಿಯ ಹವೆಯಲ್ಲಿ ಒಂದು ಮೋಸವಿದೆ. ಮಧ್ಯಾಹ್ನ 30 ಡಿಗ್ರಿಯ ಆಸುಪಾಸಿಗೆ ಏರುವ ಬಿಸಿಲು ಬೆಳಗಿನ ಜಾವಕ್ಕೆ 15ರ ಆಸುಪಾಸಿಗೆ ಇಳಿದಿರುತ್ತದೆ. ಶನಿವಾರದ ಆರತಕ್ಷತೆಗೆ ತೆಳು ರೇಷ್ಮೆ ಸೀರೆಯಲ್ಲಿ ಬಂದವರು ಒಂಬತ್ತು ಗಂಟೆಯ ಹೊತ್ತಿಗೆ ಅಡುಗೆಯವರ ಒಲೆಯ ಬಳಿ ಸೇರುತ್ತಾರೆ. ಶಾಲು, ಸ್ವೆಟರ್, ಹಿಡಿತವಿರುವ ಚಪ್ಪಲಿ, ಒಂದು ಟಾರ್ಚು ತರಲು ಹೇಳಿ. ಶಿರಾಡಿ ಘಾಟಿಯ ತಿರುವುಗಳಲ್ಲಿ ತಲೆಸುತ್ತು ಬರುವ ಮಂಗಳೂರಿನವರು ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಲಿ.

ಅತಿಥಿಗಳಿಗಿಂತ ಮೊದಲು ತಮ್ಮ ದೊಡ್ಡಪ್ಪನವರನ್ನು ಕೇಳಬೇಕಾದ ಒಂದು ಮಾತಿದೆ: ಕಣ ಖಾಲಿ ಇರುತ್ತದೆಯೇ? ರೋಬಸ್ಟಾ ತಳಿಯ ಕಾಫಿಯ ಕೊಯ್ಲು ಫೆಬ್ರುವರಿಯಲ್ಲೂ ನಡೆಯುವುದರಿಂದ, ಚಪ್ಪರಕ್ಕೂ ವಾಹನ ನಿಲುಗಡೆಗೂ ಅನುಕೂಲವೆಂದು ಎಲ್ಲರೂ ಎಣಿಸುವ ಸಮತಟ್ಟಾದ ಜಾಗದಲ್ಲಿ ಆಗ ಕಾಫಿ ಒಣಗುತ್ತಿರುತ್ತದೆ. ಕಾರು ನಿಲ್ಲಿಸುವ ಜಾಗ ಗೊತ್ತಾದ ಮೇಲೆಯೇ ಪತ್ರವನ್ನು ಅಂತಿಮಗೊಳಿಸಿ.

ಪ್ರಶ್ನೆ: ಧನ್ಯವಾದಗಳು ಮೇಡಂ. ತಂಗಿಯ ಸಹೋದ್ಯೋಗಿಗಳು ಶುಕ್ರವಾರ ಕಚೇರಿ ಮುಗಿಸಿಯೇ ಬೆಂಗಳೂರಿನಿಂದ ಹೊರಡುವುದಾಗಿ ಹೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ಶುಕ್ರವಾರ ಸಂಜೆ ನೆಲಮಂಗಲ ದಾಟುವಷ್ಟರಲ್ಲೇ ಹೊತ್ತು ಕಳೆಯುತ್ತದೆ. ಎಷ್ಟು ಬೇಗ ಹೊರಟರೂ ಅವರು ತೋಟದ ರಸ್ತೆಗೆ ತಿರುಗುವುದು ನಡುರಾತ್ರಿಯ ಸುಮಾರಿಗೆ. ಅವರು ಹಾಸನದಲ್ಲಿ ತಂಗಿ, ಶನಿವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬರಲಿ. ಅಲ್ಲಿಂದ ಸಕಲೇಶಪುರ ಸುಮಾರು 40 ಕಿಲೋಮೀಟರ್ ಮಾತ್ರ. ಅರಿಶಿನ ಶಾಸ್ತ್ರವನ್ನು ನೋಡಲೇಬೇಕೆನ್ನುವವರು ಶುಕ್ರವಾರ ರಜೆ ಹಾಕಲಿ. ಪತ್ರದಲ್ಲಿ ಇದನ್ನು ಸಲಹೆಯಾಗಿ ಬರೆಯದೆ ನಿಯಮವಾಗಿಯೇ ಬರೆಯಿರಿ: ರಾತ್ರಿ ಎಂಟರ ನಂತರ ಗೇಟಿನಲ್ಲಿ ಬರಮಾಡಿಕೊಳ್ಳಲು ಯಾರೂ ಇರುವುದಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಮ್ಮದೂ ಇಂಥದ್ದೇ ಕಾರ್ಯಕ್ರಮ. ಎಂಬತ್ತು ದಾಟಿದ ಅಜ್ಜಿ ಬರುತ್ತಾರೆ, ಮಂಡಿನೋವು ಇದೆ. ಹಿರಿಯರ ವಿಷಯವನ್ನು ಪತ್ರದಲ್ಲಿ ಹೇಗೆ ಬರೆಯುವುದು?

ಉತ್ತರ: ಅಳತೆಯಲ್ಲಿ ಬರೆಯಿರಿ. ‘ಸ್ವಲ್ಪ ನಡೆಯಬೇಕಾಗುತ್ತದೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಾರು ನಿಲ್ಲುವಲ್ಲಿಂದ ಮಂಟಪಕ್ಕೆ ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು, ನೆಲ ಮಣ್ಣಿನದೋ ಕಲ್ಲಿನದೋ, ಕೂತು ಏಳಬೇಕಾದ ಶೌಚಾಲಯವೋ ಕಮೋಡ್ ಇರುವುದೋ, ಅದು ಮಂಟಪದಿಂದ ಎಷ್ಟು ದೂರ ಎಂದು ತಿಳಿಸಿ. ಹತ್ತಿರದ ಆಸ್ಪತ್ರೆ ಎಲ್ಲಿದೆ, ತೋಟದಿಂದ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂಬುದೂ ಇರಲಿ. 108ಕ್ಕೆ ಕರೆ ಮಾಡಿದರೂ ಆಂಬುಲೆನ್ಸ್ ಒಳರಸ್ತೆಯಲ್ಲಿ ಬರಲು ಸಮಯ ಹಿಡಿಯುವುದರಿಂದ, ರಾತ್ರಿಯಿಡೀ ಒಂದು ವಾಹನವನ್ನೂ ಮದ್ಯ ಮುಟ್ಟದ ಚಾಲಕನನ್ನೂ ತೋಟದಲ್ಲೇ ಇಟ್ಟುಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಹಿರಿಯರು ಎರಡು ದಿನಕ್ಕೆ ಹೆಚ್ಚಾಗಿಯೇ ತರಲಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ನಮ್ಮ ಮದುವೆ ತೀರ್ಥಹಳ್ಳಿಯ ಹತ್ತಿರ, ಮಾರ್ಚ್‌ನಲ್ಲಿ. ಮಂಗನ ಕಾಯಿಲೆಯ ಬಗ್ಗೆ ಬರೆಯಬೇಕೇ?

ಉತ್ತರ: ಖಂಡಿತ ಬರೆಯಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆಯನ್ನು ಉಣ್ಣೆಗಳು, ಅಂದರೆ ರಕ್ತ ಹೀರುವ ಉಣುಗುಗಳು, ಹರಡುತ್ತವೆ. ಬೇಸಿಗೆಯ ಒಣ ತಿಂಗಳುಗಳೇ ಅದರ ಕಾಲ, ಶಿವಮೊಗ್ಗ ಜಿಲ್ಲೆಯೇ ಅದರ ಮೂಲ ನೆಲ. ಪತ್ರ ಬರೆಯುವ ಮೊದಲು ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ವರ್ಷದ ಸ್ಥಿತಿಯನ್ನು ವಿಚಾರಿಸಿ. ಹತ್ತಿರದಲ್ಲಿ ಪ್ರಕರಣಗಳಿದ್ದರೆ ಕಾಡಿನ ನಡಿಗೆಯ ಕಾರ್ಯಕ್ರಮವನ್ನೇ ಕೈಬಿಡಿ. ಇಲ್ಲದಿದ್ದರೂ ತರಗೆಲೆಯ ಮೇಲೆ ಕೂರಬಾರದು, ಮೈ ಮುಚ್ಚುವ ಬಟ್ಟೆ ತೊಡಬೇಕು, ಉಣ್ಣೆ ನಿವಾರಕ ತೈಲ ಹಚ್ಚಿಕೊಳ್ಳಬೇಕು, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಮೈಯನ್ನು ಪರೀಕ್ಷಿಸಿಕೊಳ್ಳಬೇಕು ಎಂದು ತಿಳಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮನೆಯವರಿಗೆ ಹೇಳಬೇಕು. ಊರಿಗೆ ಮರಳಿದ ಒಂದೆರಡು ವಾರದೊಳಗೆ ಜ್ವರ ಬಂದರೆ, ತಾನು ಮಲೆನಾಡಿಗೆ ಹೋಗಿ ಬಂದದ್ದನ್ನು ವೈದ್ಯರಿಗೆ ತಿಳಿಸಬೇಕೆಂಬುದು ಕೊನೆಗೆ ಇರಲೇಬೇಕು. ದೂರದೂರಿನ ವೈದ್ಯರು ಅದನ್ನು ತಾವಾಗಿಯೇ ಊಹಿಸಲಾರರು.

ಪ್ರಶ್ನೆ (ಮೊದಲಿನವರು): ಕೊನೆಯದೊಂದು. ಹುಡುಗನ ಸ್ನೇಹಿತರು ಪಟಾಕಿ, ಡಿಜೆ, ಆಕಾಶಕ್ಕೆ ಹಾರಿಸುವ ದೀಪ ಎಲ್ಲವನ್ನೂ ಯೋಚಿಸಿದ್ದಾರೆ. ಬೇಡವೆನ್ನಲು ಬೀಗರ ಮುಂದೆ ಸಂಕೋಚ.

ಉತ್ತರ: ಕಾನೂನನ್ನು ಮುಂದಿಟ್ಟರೆ ಸಂಕೋಚ ಕಡಿಮೆಯಾಗುತ್ತದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಡಿಜೆಯನ್ನು ಆರೂವರೆಗೆ ಆರಂಭಿಸಿ ಒಂಬತ್ತೂವರೆಗೆ ಮುಗಿಸಿ. ಹಾರುವ ದೀಪ ಎಲ್ಲಿ ಇಳಿಯುತ್ತದೆಂದು ಹಾರಿಸಿದವರಿಗೇ ತಿಳಿಯದು, ಫೆಬ್ರುವರಿಯಲ್ಲಿ ಗುಡ್ಡದ ಹುಲ್ಲು ಒಣಗಿರುತ್ತದೆ. ಅದನ್ನು ಸ್ಪಷ್ಟವಾಗಿ ನಿಷೇಧಿಸಿ. ಪಟಾಕಿಯ ವಿಷಯದಲ್ಲಿ ಇನ್ನೊಂದು ತೊಡಕು ಹೆಜ್ಜೇನಿನದು. ತೋಟದ ಎತ್ತರದ ಮರಗಳಲ್ಲಿ ಅದರ ಗೂಡುಗಳಿರುತ್ತವೆ, ಹೊಗೆಗೂ ಅಬ್ಬರಕ್ಕೂ ಅದು ಕೆರಳುತ್ತದೆ. ಹೋಮದ ಹೊಗೆಯೂ ಹೊಗೆಯೇ ಆದ್ದರಿಂದ, ಮಂಟಪದ ಜಾಗವನ್ನು ಗೊತ್ತುಮಾಡುವ ಮುನ್ನ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಕರೆದುಕೊಂಡು ಹೋಗಿ ಮೇಲಿನ ಕೊಂಬೆಗಳನ್ನು ನೋಡಿಸಿ. ಗೂಡು ಇದ್ದರೆ ಮಂಟಪವನ್ನೇ ದೂರಕ್ಕೆ ಸರಿಸಿ. ಬೀಗರಿಗೆ ಈ ಮಾತನ್ನು ತಮಗಿಂತ ದೊಡ್ಡಪ್ಪನವರೇ, ತೋಟದ ಯಜಮಾನರಾಗಿ, ಪತ್ರ ಅಚ್ಚಿಗೆ ಹೋಗುವ ಮೊದಲು ಫೋನಿನಲ್ಲಿ ತಿಳಿಸುವುದು ಒಳ್ಳೆಯದು.